ನಿಮ್ಮ ಫ್ರೀಜರಿನಲ್ಲಿರುವ ನನ್ನ ಹೆಂಡತಿಯ ರಕ್ತ

ಸಂಶೋಧನಾ ಸಂಸ್ಥೆಯ ಮಾನ್ಯ ನಿರ್ದೇಶಕರೇ,

ನೀವು ನಮ್ಮ ರಕ್ತ ತೆಗೆದುಕೊಂಡು, ನಮ್ಮನ್ನು ಬಿಟ್ಟು ಸಂಶೋಧನೆ ಮುಗಿಸಿದ್ದೀರಿ. ಅದೇ ಸಂಶೋಧನೆಯಿಂದ ಈಗ ಆಸ್ಪತ್ರೆಯವರು ನನ್ನ ಮಗಳ ಹೃದಯವನ್ನು ಅಳೆಯುತ್ತಿದ್ದಾರೆ. ಕಾಲೇಜಿನಲ್ಲಿ ಇಂಥ ಪತ್ರವನ್ನು ‘ವಿತ್ ರೆಫರೆನ್ಸ್ ಟು ದಿ ಅಬವ್’ ಎಂದು ಶುರುಮಾಡಲು ಕಲಿಸಿದ್ದರು. ಮುಂದಿನದು ಮರೆತಿದೆ. ನನ್ನ ಹಿಂದಿನ ಪತ್ರಗಳಿಗೆ ನೀವು ಉತ್ತರಿಸದ ಕಾರಣ ‘ಅಬವ್’, ಅಂದರೆ ಮೇಲಿನದು, ಎನ್ನಲೂ ಏನಿಲ್ಲ.

ಹೃದ್ರೋಗಕ್ಕೂ ವಂಶವಾಹಿಗಳಿಗೂ ಇರುವ ನಂಟು ಹುಡುಕಲು ನೀವು ಶಿಬಿರ ನಡೆಸಿದಾಗ ನಮ್ಮ ಬೀದಿಯವರು ಹಿಂಜರಿದರು. ಗಣಿ ಕೆಲಸಕ್ಕೆಂದು ದೂರದಿಂದ ಬಂದು ನೆಲೆಸಿದವರ ಮೊಮ್ಮಕ್ಕಳು ನಾವು. ಯಾರಾದರೂ ಮೂಲ ಕೇಳಿದರೆ, ಇಲ್ಲಿಯವರಲ್ಲ ಎಂದಾರೆಂದು ಮಾತು ಬದಲಿಸುತ್ತೇವೆ. ಪುಸ್ತಕ ಬೈಂಡಿಂಗ್ ಮಾಡುತ್ತಿದ್ದ ನನ್ನ ಹೆಂಡತಿಯೇ ಮನೆಮನೆಗೆ ಹೋಗಿ ಎಲ್ಲರನ್ನೂ ಹೊರಡಿಸಿದಳು.

“ನನ್ ರಕ್ತದಲ್ಲಿ ಏನಿದೆಯೇ, ಬರೀ ಸಿಟ್ಟು,” ಎಂದಳು ನನ್ನ ಅತ್ತಿಗೆ.

“ಅದನ್ನೂ ಬರ್ಕೊಳ್ಳಲಿ, ಬಾ ಅಕ್ಕ. ನಾಳೆ ಮಕ್ಕಳಿಗೆ ಉಪಯೋಗಕ್ಕೆ ಬರುತ್ತೆ.”

ಮುಂದೆ ನಿಮ್ಮ ಫಲಿತಾಂಶದಿಂದ, ಯಾರಿಗೆ ಹೃದ್ರೋಗ ಬರುವ ಸಂಭವ ಎಷ್ಟೆಂದು ಹೇಳುವ ‘ಅಪಾಯದ ಅಂಕ’ ಎಂಬುದೊಂದು ತಯಾರಾಗಿ ಆಸ್ಪತ್ರೆಗೆ ಬಂತು. ಎದೆಯುರಿ ಎಂದು ಹೋದ ನನ್ನ ಹೆಂಡತಿಗೆ ‘ಕಡಿಮೆ’ ಎಂದು ಬಂತು. ಗ್ಯಾಸಿನ ಮಾತ್ರೆ ಕೊಟ್ಟು ಕಳಿಸಿದರು. ಅದೇ ವಾರ ಕೆಲಸದ ಮೇಜಿನ ಮುಂದೆ ಕುಸಿದವಳು ಏಳಲಿಲ್ಲ.

ಆಮೇಲೆ ನಿಮ್ಮ ಕಚೇರಿಗೆ ಬಂದೆ. ನಿಮ್ಮ ಸಂಶೋಧಕರೊಬ್ಬರು ಕುರ್ಚಿ ಕೊಟ್ಟು ಕೂರಿಸಿ ವಿವರಿಸಿದರು. ಅವರ ಮೇಲೆ ನನಗೆ ಕೋಪವಿಲ್ಲ.

“ಯಜಮಾನ್ರೇ, ನಿಮ್ಮ ಜನರ ಸ್ಯಾಂಪಲ್ ಮೊದಲ ಜರಡಿಯಲ್ಲೇ ಆಚೆ ಹೋಯ್ತು. ಪೂರ್ವಿಕರ ಮೂಲ ಬೇರೆಬೇರೆ ಇದ್ದೋರನ್ನ ಸುಮ್ನೆ ಒಟ್ಟಿಗೆ ಹಾಕಿದ್ರೆ ರೋಗಕ್ಕೂ ವಂಶವಾಹಿಗೂ ಇಲ್ಲದ ನಂಟು ಕಾಣಿಸಿಬಿಡುತ್ತೆ.”

“ಬೇರೆ ದಾರಿ ಇಲ್ವಾ?”

“ಇದೆ. ಅದಕ್ಕೆ ನಿಮ್ಮಂಥೋರು ಇನ್ನೂ ತುಂಬಾ ಜನ ಬೇಕು. ಸಮಯನೂ ಬೇಕು.”

“ಮತ್ತೆ ನನ್ ಹೆಂಡ್ತಿಗೆ ಅಂಕ ಎಲ್ಲಿಂದ ಬಂತು?”

“ಉಳಿದೋರ ಲೆಕ್ಕದಿಂದ. ನಿಮಗೆ ಹೊಂದಬಹುದು, ಹೊಂದದೇನೂ ಇರಬಹುದು.”

ರಕ್ತವೆಲ್ಲಿದೆ ಎಂದೆ. ಫ್ರೀಜರಿನಲ್ಲಿ ಭದ್ರವಾಗಿದೆಯಂತೆ. ಸಂತೋಷ.

ಬದುಕಿಡೀ ಚಪ್ಪಲಿ ಅಂಗಡಿಯಲ್ಲಿ ದುಡಿದವನು ನಾನು. ಒಂದೇ ಬೀದಿಯವರ ಪಾದ ಅಳೆದು ಊರಿಗೆಲ್ಲ ಜೋಡು ಹೊಲಿಸಿ, ಕಚ್ಚಿದರೆ ನಿಮ್ಮ ಕಾಲೇ ಸರಿಯಿಲ್ಲ ಎಂದಿದ್ದರೆ ಗಿರಾಕಿಗಳು ಅದೇ ಜೋಡಿನಿಂದ ಉತ್ತರ ಕೊಡುತ್ತಿದ್ದರು. ನಿಮಗೆ ಹಾಗೆ ಹೇಳುವವರಿಲ್ಲ. ನಾವು ಕಡಿಮೆ ಇದ್ದೇವೆಂದು ಬಿಟ್ಟಿರಿ. ಬಿಟ್ಟಿದ್ದಕ್ಕೇ ಕಡಿಮೆಯಾಗಿ ಉಳಿದೆವು. ಇದು ಯಾವ ಸೀಮೆಯ ವಿಜ್ಞಾನ ಸ್ವಾಮಿ? ಲೆಕ್ಕ ಕೆಡಿಸುತ್ತೇವೆಂದು ಹೊರಗಿಟ್ಟವರಿಗೆ ಆ ಲೆಕ್ಕದ ಅಂಕವನ್ನು ಹಂಚುವಾಗ ಮಾತ್ರ ಜರಡಿ ಎಲ್ಲಿ ಹೋಯಿತು?

ಈಗ ಮಗಳು. ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ. ಮೆಟ್ಟಿಲು ಹತ್ತಿದರೆ ಏದುಸಿರು. ಅಂಕ ‘ಕಡಿಮೆ’ ಎಂದು ಹೃದಯದ ಸ್ಕ್ಯಾನ್ ಸಾಲಿನಲ್ಲಿ ಅವಳನ್ನು ಕೊನೆಗೆ ತಳ್ಳಿದ್ದಾರೆ.

“ಕಡಿಮೆ ಅಂತ ಬಂದಿದೆಯಲ್ಲಪ್ಪ, ಯಾಕೆ ಒದ್ದಾಡ್ತೀಯ?” ಎನ್ನುತ್ತಾಳೆ.

“ನಿಮ್ಮಮ್ಮನಿಗೂ ಹಾಗೇ ಬಂದಿತ್ತು,” ಎಂದೆ. ಅನ್ನಬಾರದಿತ್ತು. ಆಮೇಲೆ ಅವಳು ಊಟಕ್ಕೂ ಏಳಲಿಲ್ಲ.

ಆದ್ದರಿಂದ ಕೇಳುತ್ತಿದ್ದೇನೆ, ಬೇಡುತ್ತಿಲ್ಲ. ಫ್ರೀಜರು ತೆರೆಯಿರಿ. ನಮ್ಮಂಥ ಎಲ್ಲ ಮೂಲದವರ ಬಳಿಗೂ ಹೋಗಿ, ಬೇಕಾದಷ್ಟು ಜನರನ್ನು ಸೇರಿಸಿಕೊಂಡು, ಸರಿಯಾದ ವಿಧಾನದಲ್ಲಿ ಮತ್ತೆ ನೋಡಿ. ರಕ್ತ ತೆಗೆಯುವ ನಿಮ್ಮ ವ್ಯಾನು ಪುನಃ ಬರುತ್ತದೆಯಂತೆ. ಅಂಗಿಯ ತೋಳು ಮಡಿಸಿ ನಾನೇ ಮೊದಲು ನಿಲ್ಲುತ್ತೇನೆ. ಹೊರಗಿಡುವುದಾದರೆ ಸೂಜಿ ಚುಚ್ಚುವ ಮೊದಲೇ ಹೇಳಿ. ಅಲ್ಲಿಯವರೆಗೆ, ಈ ಅಂಕ ನಮ್ಮನ್ನು ನೋಡಿ ಮಾಡಿದ್ದಲ್ಲ, ಇದನ್ನು ನಂಬಿ ಯಾರನ್ನೂ ಹಿಂದಕ್ಕೆ ತಳ್ಳಬೇಡಿ ಎಂದು ಆಸ್ಪತ್ರೆಗಳಿಗೆ ತಿಳಿಸಿ.

ನನಗೆ ಉತ್ತರ ಬರೆಯಲು ಪುರಸೊತ್ತಿಲ್ಲದಿದ್ದರೆ ಬಿಡಿ. ಆಸ್ಪತ್ರೆಗೆ ಇವತ್ತೇ ಒಂದು ಫೋನು ಮಾಡಿ. ಮಗಳು ಈಗೀಗ ಮಾತಿನ ಮಧ್ಯೆಯೂ ಉಸಿರಿಗೆ ನಿಲ್ಲುತ್ತಿದ್ದಾಳೆ.

ಇಂತಿ,
ಹೆಂಡತಿಯ ವಿಷಯದಲ್ಲಿ ನಿಮ್ಮನ್ನು ನಂಬಿದವ,
ಮಗಳ ವಿಷಯದಲ್ಲಿ ಕಾಯಲಾರದವ