ಒತ್ತಿಲ್ಲದ ಸ್ಟ್ಯಾಂಪು

ಅಕ್ಕಾ,

ನಿನ್ನ ಎಂಬತ್ತನೇ ಹುಟ್ಟುಹಬ್ಬಕ್ಕೆ ಕಾರ್ಡು ಮಾಡೋಣವೆಂದು ಮೊಮ್ಮಗಳು ಸಮನ್ವಿತಾ ಅಕ್ಷರದ ಸ್ಟ್ಯಾಂಪುಗಳ ಅಗ್ಗದ ಡಬ್ಬಿ ತಂದಳು. ಕನ್ನಡದ್ದೇ, ಆದರೆ ಒಂದೂ ಒತ್ತಕ್ಷರವಿಲ್ಲ.

“‘ಅಕ’ ಅಂತ್ಲೇ ಹಾಕ್ಬಿಡ್ಲಾ ಅಜ್ಜಿ? ದೊಡ್ಡಜ್ಜಿಗೆ ಅರ್ಥ ಆಗತ್ತೆ.”

“ಒತ್ತಿಲ್ದೆ ಅಮ್ಮ, ಅಪ್ಪ, ಅಣ್ಣ ಯಾರನ್ನೂ ಕರೆಯೋಕಾಗಲ್ಲ ಕಣೇ” ಎಂದು ಆಲೂಗಡ್ಡೆಯಲ್ಲಿ ‘ಕ’ದ ಒತ್ತು ಕೆತ್ತಿದೆ. ತಿರುಗಿಸಿ ಕೆತ್ತಬೇಕೆಂಬುದು ಮರೆತುಹೋಗಿ, ಅದು ಉಲ್ಟಾ ಮೂಡಿತು. ಇಬ್ಬರೂ ನಕ್ಕೆವು. ಎರಡನೆಯದು ಸರಿಯಾಯಿತು.

“ನೀನೇ ಹೋಗಿ ಕೊಡಜ್ಜಿ, ವಿಜಯನಗರ ಏನ್ ಮಹಾ ದೂರ?” ಎಂದಳು. ನಾನು ಅಂಚೆಯ ಕವರು ಹುಡುಕಿದೆ.

ಅಪ್ಪನ ತಿಥಿಯಲ್ಲಿ ನಾವು ಮಾತು ಬಿಟ್ಟ ಮೇಲೆ ಆ ಪದ ನನ್ನ ಬಾಯಿಗೆ ಬಂದೇ ಇಲ್ಲ. ಈ ಕಾಗದ ನನ್ನಲ್ಲೇ ಉಳಿಯುತ್ತದೆ. ಕಾರ್ಡು ಮಾತ್ರ ಬರುತ್ತದೆ, ಆ ಒಂದೇ ಪದ ಹೊತ್ತು.

ನೀನು ಕರೆಯುವುದಾದರೆ ಇನ್ನೂ ಸುಲಭ. ‘ತಂಗಿ’ಗೆ ಒತ್ತೇ ಬೇಡ.