ಎರಡನೆಯ ಕೊಂಡಿ

ವಯೋಮಿಂಗ್,
ಜೂನ್ ಹದಿನಾರು, ಭಾನುವಾರ

ಪ್ರೀತಿಯ ತಮ್ಮ ಗ್ಯಾರೆಟ್‌ಗೆ,

ನಿನ್ನ ಅಕ್ಕ ಲೆನೋರಾಳ ಆಶೀರ್ವಾದ. ನಾನು ಕ್ಷೇಮ ಎಂದು ಬರೆದರೆ ನೀನು ನಂಬುವುದಿಲ್ಲ, ಆದ್ದರಿಂದ ಅದನ್ನು ಬಿಟ್ಟಿದ್ದೇನೆ.

ನಿನ್ನ ವಕೀಲರು ನಿನ್ನೆ ಬಂದಿದ್ದರು. ಗುರುವಾರ ನ್ಯಾಯಾಧೀಶರ ಮುಂದೆ ನಿಂತು, ಟ್ರಾಯ್‌ನನ್ನು ಬೇಕೆಂದೇ ಕೊಂದೆ ಎಂದು ಒಪ್ಪಿಕೊಳ್ಳುತ್ತೀಯಂತೆ. ಇಪ್ಪತ್ತು ವರ್ಷ ಜೈಲಂತೆ. ನಿನಗಿನ್ನೂ ಮೂವತ್ತೊಂದು. ಸತ್ತವನು ನನ್ನ ಗಂಡ. ನನ್ನನ್ನು ಒಂದು ಮಾತು ಕೇಳದೆ ಅವನ ಸಾವನ್ನು ಹೆಗಲಿಗೇರಿಸಿಕೊಳ್ಳಲು ನೀನ್ಯಾರು? ಚಿಕ್ಕವನಿದ್ದಾಗಲೂ ನಾನು ಒಡೆದ ಪಿಂಗಾಣಿಗೆ ನೀನೇ ಏಟು ತಿನ್ನುತ್ತಿದ್ದೆ. ಇದು ಪಿಂಗಾಣಿಯಲ್ಲ.

ಮಣ್ಣಿಗೆ ಬಂದ ಜನದ ಕಥೆ ಕೇಳು. ಸ್ಮಶಾನದ ಬೇಲಿಯ ಎಡಕ್ಕೆ ಟ್ರಾಯ್ ಕಡೆಯವರ ಡಾಜ್ ಪಿಕಪ್ ಗಾಡಿಗಳು ಸಾಲಾಗಿ ನಿಂತವು, ಬಲಕ್ಕೆ ನಮ್ಮ ಕಡೆಯ ಫೋರ್ಡ್‌ಗಳು. ನಡುವೆ ಹತ್ತು ಮಾರು ಖಾಲಿ. ಪಾಪ, ನೆರೆಯ ಮುದುಕ ಆರ್ಲಿನ್, ಎರಡೂ ಅಲ್ಲದ ತನ್ನ ಷೆವಿ ಗಾಡಿಯನ್ನು ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ಎರಡು ಸುತ್ತು ಹಾಕಿ, ಕೊನೆಗೆ ರಸ್ತೆಯಲ್ಲೇ ಬಿಟ್ಟು ನಡೆದು ಬಂದ. ಪೆಟ್ಟಿಗೆ ಇಳಿಸುವ ಹೊತ್ತಿಗೆ ನನಗೆ ನಗು ಬಂತು. ಜನ ಅದನ್ನು ಅಳು ಎಂದುಕೊಂಡರು.

ನನ್ನ ಮದುವೆಯ ದಿನವೂ ಹೀಗೇ ಇತ್ತಲ್ಲ. ಡಾಜ್ ಇಟ್ಟವನಿಗೆ ಮಗಳನ್ನು ಕೊಟ್ಟೆನಲ್ಲಾ ಎಂದು ಅಪ್ಪ ತಲೆ ಚಚ್ಚಿಕೊಂಡರು, ಅರ್ಧ ತಮಾಷೆಗೆ. ಈಗ ನಿನ್ನ ಕೈಗೆ ಬಂದಿರುವ ಅವರ ಫೋರ್ಡ್ ಆಗಲೇ ಮೂರು ಲಕ್ಷ ಮೈಲಿ ಓಡಿತ್ತು. ಅವರು ಅದರ ಡೀಸೆಲ್ ಎಂಜಿನ್ನಿನ ಸದ್ದು ಕೇಳಿಯೇ ಹವಾಮಾನ ಹೇಳುತ್ತಿದ್ದರು. ಟ್ರಾಯ್‌ಗೆ ಮಾತ್ರ ತನ್ನ ಡಾಜ್‌ನೊಳಗಿನ ಆರು ಸಿಲಿಂಡರಿನ ಕಮಿನ್ಸ್ ಬಿಟ್ಟರೆ ಬೇರೆ ಎಂಜಿನ್ನೇ ಇಲ್ಲ. ಮಕ್ಕಳಿಲ್ಲದ ಮನೆಯಲ್ಲಿ ಅವನು ಆ ಗಾಡಿಯನ್ನು ಶನಿವಾರ ತೊಳೆಯುತ್ತಿದ್ದ, ಭಾನುವಾರ ಒರೆಸುತ್ತಿದ್ದ. ಒಳ್ಳೆಯ ದಿನಗಳೂ ಇದ್ದವು. ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಕಳೆದ ಶರತ್ಕಾಲದಲ್ಲಿ ದನದ ಸಂತೆಯ ಅಂಗಳದಲ್ಲಿ ಎಲ್ಲರೂ ಕಾಫಿ ಕುಡಿಯುತ್ತಾ ನಿಂತಿದ್ದಾಗ ನಾನು ಬಾಯಿ ಬಿಟ್ಟೆ. ಹದಿನಾಲ್ಕು ಹಸು ತುಂಬಿದ ಟ್ರೇಲರ್ ಎಳೆದುಕೊಂಡು ಗ್ಯಾರೆಟ್ ಘಾಟಿ ಹತ್ತಿದ, ಅವನ ಫೋರ್ಡ್‌ಗೆ ಎಲ್ಲೂ ಉಸಿರು ಕಟ್ಟಲಿಲ್ಲ, ನಮ್ಮ ಡಾಜ್ ಮಾತ್ರ ಹಿಂದೆ ಬಿತ್ತು ಎಂದೆ. ಜನ ನಕ್ಕರು. ಟ್ರಾಯ್ ಕೂಡ ನಕ್ಕ. ಮನೆಗೆ ಬಂದು ಗಾಡಿಯಿಂದ ಇಳಿಯುವಾಗ ನನ್ನ ಎಡಗೈ ಬಾಗಿಲಿಗೆ ಸಿಕ್ಕಿ ಎರಡು ಬೆರಳಿನ ಮೂಳೆ ಪುಡಿಯಾಯಿತು. ಗಾಳಿಗೆ ಬಾಗಿಲು ಹಾಕಿಕೊಂಡಿತು ಎಂದು ಡಾಕ್ಟರಿಗೆ ಹೇಳಿದೆ, ನಿನಗೂ ಹೇಳಿದೆ. ಈ ಸೀಮೆಯಲ್ಲಿ ಗಾಳಿಯ ಮೇಲೆ ಏನು ಹೊರಿಸಿದರೂ ನಂಬುತ್ತಾರೆ.

ನೀನು ನಂಬಿರಲಿಲ್ಲ. ಎಂಟು ತಿಂಗಳು ಬಾಯಿ ಮುಚ್ಚಿಕೊಂಡಿದ್ದು, ಕರುಗಳಿಗೆ ಗುರುತಿನ ಬರೆ ಹಾಕುವ ದಿನ, ಇಪ್ಪತ್ತು ಜನ ನೆರೆಯವರ ಮುಂದೆ, ಸುಟ್ಟ ಕೂದಲಿನ ಹೊಗೆಯಲ್ಲಿ ನಿಂತು ಆ ಮಾತನ್ನು ಆಡಿದೆ. ಟ್ರಾಯ್ ನಿನ್ನ ಗಾಡಿಯ ಹಿಂದಿನ ಹಲಗೆಗೆ ಒದ್ದು, ಇದನ್ನ ಗುಜರಿಗೆ ಹಾಕಿ ಒಂದು ಮೇಕೆ ತಗೋ, ಅದಾದ್ರೂ ಎಳೆಯುತ್ತೆ ಎಂದ. ನೀನು ಗಾಡಿಯ ಕಡೆ ತಿರುಗಿಯೂ ನೋಡದೆ ಅವನ ಮುಂದೆ ಬಂದು ನಿಂತೆ.

"ಅವತ್ತು ಗಾಳಿ ಇರ್ಲಿಲ್ಲ ಟ್ರಾಯ್," ಎಂದೆ ನೀನು. "ಒಂದು ಎಲೆನೂ ಅಲ್ಲಾಡ್ತಿರ್ಲಿಲ್ಲ."

ಅವನು ಮೊದಲು ಹೊಡೆದ. ಅದನ್ನು ಎಲ್ಲರೂ ನೋಡಿದ್ದಾರೆ. ನಿನ್ನ ಹಲ್ಲು ಮುರಿದು ಅಂಗಿಯ ಮೇಲೆ ಬಿತ್ತು. ನೀನು ಅವನ ಕೊರಳು ಹಿಡಿದು ಬೇಲಿಯ ಕಂಬಕ್ಕೆ ಚಚ್ಚಿದೆ, ಅವನು ಬರೆ ಹಾಕುವ ಕಬ್ಬಿಣಕ್ಕೆ ಕೈ ಚಾಚಿದ. ನಾಲ್ಕು ಜನ ಸೇರಿ ಬಿಡಿಸುವಷ್ಟರಲ್ಲಿ ನಿನ್ನ ಹುಬ್ಬು ಸೀಳಿತ್ತು, ಅವನ ಕಿವಿ ಹರಿದಿತ್ತು. ಇವತ್ತು ನಿನ್ನ ತಲೆ ಒಡೀತೀನಿ ಎಂದು ನೀನು ಕೂಗಿದ್ದೂ ನಿಜ. ಶೆರಿಫ್ ಹಿಡಿದುಕೊಂಡಿರುವುದು ಆ ಒಂದು ಮಾತನ್ನು.

ಆರ್ಲಿನ್ ತಾತನೇ ಹಾಳು ಬುದ್ಧಿ ಹೇಳಿದ್ದು. ಹೆಂಗಸರ ಮುಂದೆ ಕಚ್ಚಾಡಬೇಡಿ, ಗಾಡಿಗಳು ತೀರ್ಮಾನ ಮಾಡಲಿ ಎಂದ. ಇಲ್ಲಿಯವರಿಗೆ ಅದೇ ಪಂಚಾಯಿತಿ. ಎರಡು ಗಾಡಿಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಿಸು, ನೈಲಾನ್ ಹಗ್ಗ ಕಟ್ಟು, ಇಬ್ಬರೂ ಎಳೆಯಲಿ, ನಡುವೆ ಹಾಕಿದ ಗೆರೆ ದಾಟಿ ಹಿಂದಕ್ಕೆ ಹೋದವನು ಸೋತಂತೆ, ಅವನು ತನ್ನ ಗಾಡಿಯ ಹೆಸರಿನ ಬಿಲ್ಲೆ ಕಿತ್ತು ಗೆದ್ದವನಿಗೆ ಕೊಡಬೇಕು. ಅಪ್ಪನ ಫೋರ್ಡಿನ ಬಿಲ್ಲೆ! ಹಗ್ಗ ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು. ಒಬ್ಬನ ಹೆಂಡತಿ, ಇನ್ನೊಬ್ಬನ ಅಕ್ಕ, ಮೋಸ ಮಾಡಲಾರಳು ಎಂದು ಎಲ್ಲರೂ ಒಪ್ಪಿದರು.

ಹಗ್ಗ ಕಟ್ಟುವುದನ್ನು ಅಪ್ಪ ನಮಗೆ ಓದು ಕಲಿಸುವ ಮೊದಲೇ ಕಲಿಸಿದ್ದರು. ಗಾಡಿಯ ಹಿಂದೆ ಟ್ರೇಲರ್ ಸಿಕ್ಕಿಸುವ ಕಬ್ಬಿಣದ ಗುಂಡಿನ ಕುತ್ತಿಗೆಗೆ ಎಂದೂ ಹಗ್ಗ ಹಾಕಬಾರದು, ಅದು ಜಗ್ಗಾಟಕ್ಕೆ ಮುರಿದರೆ ಫಿರಂಗಿಯ ಗುಂಡೇ ಸರಿ. ಗುಂಡನ್ನು ಬಿಚ್ಚಿಟ್ಟು ದಪ್ಪ ಕೊಂಡಿ ಹಾಕಿಯೇ ಕಟ್ಟಬೇಕು. ಅದಕ್ಕೆಂದೇ ಅವರ ಪೆಟ್ಟಿಗೆಯಲ್ಲಿ ಎರಡು ಕೊಂಡಿಗಳಿದ್ದವು. ಟ್ರಾಯ್ ಗಾಡಿಗೆ ಒಂದನ್ನು ಹಾಕಿದೆ. ಅವನು ಬಗ್ಗಿ ನನ್ನ ಕಿವಿಯಲ್ಲಿ ಏನೋ ಹೇಳಿ ಹೋಗಿ ಕುಳಿತ. ಏನೆಂಬುದು ಈಗ ಬೇಡ. ನಿನ್ನ ಗಾಡಿಯ ಹತ್ತಿರ ಬಂದೆ. ಎರಡನೆಯದು ಕೈಗೆ ಸಿಗಲಿಲ್ಲ, ಟ್ರಾಯ್ ಹಾರ್ನ್ ಬಡಿಯುತ್ತಿದ್ದ, ನಾನು ಹಗ್ಗವನ್ನು ಆ ತುಕ್ಕು ಹಿಡಿದ ಗುಂಡಿನ ಕತ್ತಿಗೇ ಹಾಕಿಬಿಟ್ಟೆ.

ಮೊದಲ ಎಳೆತಕ್ಕೆ ಎರಡೂ ಕದಲಲಿಲ್ಲ. ಕಪ್ಪು ಹೊಗೆ, ಕಿತ್ತು ಹಾರುವ ಮಣ್ಣು, ಟಯರು ಸುಟ್ಟ ವಾಸನೆ. ಆಮೇಲೆ ಇಬ್ಬರೂ ಹುಚ್ಚರಂತೆ ಹಿಂದೆ ಸರಿದು ಹಗ್ಗ ಸಡಿಲಿಸಿ ಒಮ್ಮೆಗೇ ಮುನ್ನುಗ್ಗಿದಿರಿ. ಹಗ್ಗ ರಬ್ಬರಿನಂತೆ ಹಿಗ್ಗಿತು. ಗುಂಡು ಮುರಿದು ಬಂದೂಕು ಹಾರಿದಂಥ ಸದ್ದಾಯಿತು. ಟ್ರಾಯ್ ಗಾಡಿಯ ಹಿಂದಿನ ಗಾಜಿನಲ್ಲಿ ಮುಷ್ಟಿಯಷ್ಟು ತೂತು, ಮುಂದಿನ ಗಾಜು ಪೂರ್ತಿ ಕೆಂಪು. ಅವನ ಕಾಲು ಮಾತ್ರ ಪೆಡಲಿನ ಮೇಲೇ ಇತ್ತು. ಹೆಣ ಕೂತ ಗಾಡಿ ಎರಡು ಬೇಲಿ ಮುರಿದು, ಒಂದು ಕರುವನ್ನು ಅರೆದು, ಹಳ್ಳಕ್ಕೆ ಮೂಗು ತೂರಿಸಿ ನಿಂತಿತು. ಬಾಗಿಲು ತೆರೆದವಳು ನಾನೇ. ಅವನಿಗೆ ತಲೆಯ ಹಿಂಭಾಗ ಇರಲಿಲ್ಲ. ಎಂಜಿನ್ನು ಇನ್ನೂ ಗುಡುಗುಡು ಎನ್ನುತ್ತಿತ್ತು.

ಶೆರಿಫ್ ಬಂದಾಗ ನಾನು ಅವನ ಗಾಡಿಯ ಪಕ್ಕದಲ್ಲೇ ಕೂತಿದ್ದೆ. ನೀನೇ ಮುಂದೆ ಬಂದೆ. "ಅಕ್ಕ ಸರಿಯಾಗೇ ಕೊಂಡಿ ಹಾಕಿದ್ಲು. ನಾನೇ ಇಳಿದು ಬಿಚ್ಚಿ, ಹಳ್ಳಕ್ಕೆಸೆದು, ಹಗ್ಗನ ಗುಂಡಿನ ಮೇಲೆ ಹಾಕ್ದೆ," ಎಂದೆ. ಹೌದಾ ಎಂದು ಅವರು ನನ್ನನ್ನು ಕೇಳಿದರು. ನಾನು ಹೌದೆಂದು ತಲೆಯಾಡಿಸಿದೆ. ಗ್ಯಾರೆಟ್, ಆ ತಲೆಯಾಟ ಎಂಟು ದಿನದಿಂದ ನನಗೆ ಒಂದು ತುತ್ತೂ ಇಳಿಯಲು ಬಿಟ್ಟಿಲ್ಲ. ಅವರು ದಿನಾ ಹಳ್ಳದ ಕೆಸರು ಜಾಲಿಸುತ್ತಿದ್ದಾರೆ. ಇಲ್ಲದ ಕೊಂಡಿಯನ್ನು ಎಲ್ಲಿಂದ ತರುತ್ತಾರೆ?

ಆದ್ದರಿಂದ ಗುರುವಾರ ನೀನು ನಿಜ ಹೇಳಬೇಕು. ನೀನು ಗಾಡಿಯಿಂದ ಇಳಿಯಲೇ ಇಲ್ಲ, ಅಕ್ಕ ಅವಸರದಲ್ಲಿ ತಪ್ಪು ಮಾಡಿದಳು, ಅಷ್ಟೇ. ಅಚಾತುರ್ಯಕ್ಕೆ ಹೆಂಗಸನ್ನು ನೇಣಿಗೆ ಹಾಕುವುದಿಲ್ಲ. ನನ್ನ ಮಾತು ಕೇಳು, ಒಂದು ಸಲವಾದರೂ.

ಇಂತಿ ನಿನ್ನ ಅಕ್ಕ,
ಲೆನೋರಾ

ಮರೆತ ಮಾತು: ಸಹಿ ಹಾಕಿದ ಮೇಲೂ ಲಕೋಟೆ ಅಂಟಿಸಲು ಕೈ ಬರಲಿಲ್ಲ. ಟ್ರಾಯ್ ನನ್ನ ಕಿವಿಯಲ್ಲಿ ಹೇಳಿದ್ದು ಇದು: "ನಿನ್ ತಮ್ಮ ಗೆದ್ರೆ, ಇನ್ನೊಂದು ಕೈನೂ ಇದೆ ನಿಂಗೆ. ನೆನಪಿರ್ಲಿ." ಅವನು ಹಾಗೆಂದಾಗ ಎರಡನೆಯ ಕೊಂಡಿ ನನ್ನ ಅಂಗಿಯ ಜೇಬಿನಲ್ಲಿತ್ತು. ನಿನ್ನ ಗಾಡಿಯ ಹಿಂದೆ ಕುಕ್ಕರುಗಾಲಲ್ಲಿ ಕೂತಾಗಲೂ ಅಲ್ಲೇ ಇತ್ತು. ಅಪ್ಪ ಕಲಿಸಿದ್ದು ಒಂದಕ್ಷರವೂ ಮರೆತಿರಲಿಲ್ಲ. ಗುಂಡು ಮುರಿದರೆ ಯಾರ ಕಡೆಗೆ ಹಾರುತ್ತದೆ ಎಂದು ಯೋಚಿಸಿಯೇ ಹಗ್ಗ ಹಾಕಿದೆ. ನನ್ನ ಜೇಬು ಜೋತಿದ್ದನ್ನು ನೀನು ಗಾಡಿಯ ಕನ್ನಡಿಯಲ್ಲಿ ನೋಡಿದ್ದೆಯಲ್ಲವೇ? ಅದಕ್ಕೇ ನೀನು ಹಳ್ಳದ ಕಥೆ ಕಟ್ಟಿದೆ.

ಆ ಕೊಂಡಿಯನ್ನು ಬಟ್ಟೆಯಲ್ಲಿ ಸುತ್ತಿ ಈ ಕಾಗದದ ಜೊತೆಗೇ ಕಳಿಸುತ್ತಿದ್ದೇನೆ. ಜೈಲಿಗೆ ಬರುವ ಪೊಟ್ಟಣವನ್ನು ಶೆರಿಫ್ ಬಿಚ್ಚಿ, ಕಾಗದವನ್ನು ಕೊನೆಯವರೆಗೆ ಓದಿಯೇ ನಿನಗೆ ಕೊಡುತ್ತಾರೆ. ಅದು ಗೊತ್ತಿದ್ದೇ ಬರೆದಿದ್ದೇನೆ. ಶೆರಿಫರೇ, ಹಳ್ಳ ಜಾಲಿಸುವುದನ್ನು ನಿಲ್ಲಿಸಿ. ನೀವು ಬರುವಾಗ ನಾನು ಮನೆಯಲ್ಲೇ ಇರುತ್ತೇನೆ.