ಗಿಲ್ಟ್ ಮರಿ ಹಾಕಿದ ದಿನ

೧೪ ಮಾರ್ಚ್ ೧೯೯೮, ಶನಿವಾರ, ಮಂಡಕಳ್ಳಿ

ಸತ್ತ ಆ ಮರಿ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ಇನ್ನೂ ಮರಿ ಹಾಕದ ಹೆಣ್ಣು ಹಂದಿ ಗಿಲ್ಟ್, ಹಾಕಿದ ಮೇಲೆ ಸೋ. ಹಂದಿ ಸಾಕಣೆ ತರಬೇತಿಯಲ್ಲಿ ಇದನ್ನು ಕಂಪನಿ ನಾಟಕದ ಮಾತಿನಂತೆ ಒಪ್ಪಿಸಿ ಚಪ್ಪಾಳೆ ಗಿಟ್ಟಿಸಿದವನು ನಾನು. ಚೊಚ್ಚಲು ಹಂದಿ ಬಲು ಬೆಚ್ಚುತ್ತದೆ ಎಂದು ಅಲ್ಲಿ ಹೇಳಿಕೊಟ್ಟದ್ದು ಮಾತ್ರ ತಲೆಗೆ ಹೋಗಲಿಲ್ಲ. ಇಂದು ನಮ್ಮ ಗಿಲ್ಟ್ ಒಂಬತ್ತು ಮರಿ ಹಾಕಿತು. ಸಂತೋಷ ತಡೆಯದೆ, ಕೊನೆಯ ಬೆಂಚಿಗೂ ಕೇಳುವಂತೆ "ಒಂಬತ್ತು!" ಎಂದು ಗರ್ಜಿಸಿದೆ. ಬೆಚ್ಚಿ ಎದ್ದ ತಾಯಿ ದೊಪ್ಪನೆ ಬಿತ್ತು. ಒಂದು ಮರಿ ಅದರ ಮೈಯಡಿ ಸಿಕ್ಕಿ ಸತ್ತಿತು.

"ಇದೇನ್ ಸ್ಟೇಜಾ ಅಣ್ಣ? ಬಾಣಂತಿ ಮನೆ ಕಣಣ್ಣ! ಬಾಯ್ಮುಚ್ಕೊಂಡಿರು" ಎಂದ ಪಾಲುದಾರ ಜವರಪ್ಪ.

ನಾಟಕದಲ್ಲಿ ಗುಟ್ಟನ್ನೂ ಕೂಗಿ ಹೇಳಿದವನು ನಾನು. ಸಂಜೆ ಮೇವಿಡುವಾಗ ಉಸಿರೂ ಬಿಡಲಿಲ್ಲ. ತಾಯಿ ಕಿವಿ ನಿಮಿರಿಸಿ ನೋಡಿತು, ಏಳಲಿಲ್ಲ. ಎಂಟೂ ಹಾಲು ಕುಡಿಯುತ್ತಿದ್ದವು. ನಾಳೆ ಚಪ್ಪಲಿಯನ್ನೂ ಹೊರಗೇ ಬಿಟ್ಟು, ಸದ್ದಾಗದಂತೆ ಒಳಗೆ ಹೋಗಬೇಕು.